ಸುಮ್ಮನಿರುವ ಮಕ್ಕಳ ಲೆಕ್ಕ

ನಮ್ಮ ಬೀದಿಯವರು ಅವರನ್ನು ಕಣಕ್ಕಕ್ಕ ಎನ್ನುತ್ತಿದ್ದರು. ತಮಿಳಿನಲ್ಲಿ ಕಣಕ್ಕು ಎಂದರೆ ಲೆಕ್ಕ. ಲೆಕ್ಕ ಬರೆಯಲು ಬರುವ ಅಕ್ಕ, ಹಾಗಾಗಿ ಕಣಕ್ಕಕ್ಕ. ನಿಜವಾದ ಹೆಸರು ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಎರಡು ವರ್ಷ ನಮ್ಮ ಮನೆಯ ಒಳಗಿನದನ್ನೆಲ್ಲ ಬರೆದುಕೊಂಡು ಹೋದವರು ನಮ್ಮ ಹೆಸರನ್ನು ಪಕ್ಕದ ಬೀದಿಯಲ್ಲಿ ಕೂಡ ಬಾಯಿಬಿಟ್ಟು ಹೇಳಿದವರಲ್ಲ. ಅವರ ಹೆಸರನ್ನು ನಾನು ಯಾಕೆ ಹೇಳಲಿ.

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಕೋಯಮತ್ತೂರಿನ ಉಕ್ಕಡಂ ಬಸ್ ಸ್ಟ್ಯಾಂಡಿನಲ್ಲಿ. ಬಸ್ಸು ತಡವಾಗಿತ್ತು. ಪಕ್ಕದಲ್ಲಿ ನಿಂತಿದ್ದ ಹೆಂಗಸು ನನ್ನನ್ನೇ ನೋಡುತ್ತಿದ್ದಳು. ಆಮೇಲೆ ಹತ್ತಿರ ಬಂದು, ನೀವು ಕುನ್ನತ್ತೂರು ಕಡೆಯ ಮಗ್ಗದ ಮನೆಯವರಲ್ಲವಾ ಎಂದು ಕೇಳಿದಳು. ಕಣಕ್ಕಕ್ಕನ ತಂಗಿ ಅವಳು, ತೊಂಡಾಮುತ್ತೂರಿನಿಂದ ಬಂದಿದ್ದಳು. ಒಮ್ಮೆ ಅಕ್ಕನ ಜೊತೆ ನಮ್ಮಲ್ಲಿಗೆ ಸೀರೆ ನೋಡಲು ಬಂದಿದ್ದಳಂತೆ, ನನಗೆ ನೆನಪಿರಲಿಲ್ಲ. ಎರಡು ದಿನದ ಜ್ವರ, ಮೂರನೇ ದಿನ ಬೆಳಿಗ್ಗೆ ಏಳಲಿಲ್ಲ ಎಂದಳು. ಯಾರ ಕೈಯಲ್ಲೂ ಸೇವೆ ಮಾಡಿಸಿಕೊಳ್ಳದೆ ಹೋದರು. ಅದೂ ಒಂದು ದಯೆಯೇ ಎಂದುಕೊಂಡು ಬಸ್ಸು ಹತ್ತಿದೆ. ಮನೆಗೆ ಬಂದು ನಮ್ಮ ಮನೆದೇವರು ಚೌಡಮ್ಮನ ಮುಂದೆ ಅವರಿಗೆಂದು ಒಂದು ದೀಪ ಹಚ್ಚಿದೆ. ಆಮೇಲೆ ಇದನ್ನು ಬರೆಯಲು ಕೂತೆ.

ನಾನು ಕೊಳ್ಳೇಗಾಲದವಳು. ಏಳನೇ ಕ್ಲಾಸಿನವರೆಗೆ ಕನ್ನಡದಲ್ಲಿ ಓದಿ, ಮದುವೆಯಾಗಿ ಈ ನೇಕಾರರ ಬೀದಿಗೆ ಬಂದೆ. ಇಲ್ಲಿಯವರ ತಾತಮುತ್ತಾತಂದಿರು ಯಾವ ಕಾಲದಲ್ಲೋ ಮೈಸೂರು ಸೀಮೆ ಬಿಟ್ಟು ಬಂದವರು. ಕನ್ನಡ ಅವರ ಬಾಯಲ್ಲಿದೆ, ಕಾಗದದ ಮೇಲಿಲ್ಲ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು, ಹೊಸಿಲ ಮೇಲೆ ಎರಡೂ. ಕಣಕ್ಕಕ್ಕನೂ ಹಾಗೆಯೇ ಕನ್ನಡದವರು, ಆದರೆ ನೇಕಾರರಲ್ಲ, ಹೊಲ ಉಳುವವರ ಮನೆಯವರು. ಅವರ ಕನ್ನಡಕ್ಕೆ ಕೊಂಗು ನಾಡಿನ, ಅಂದರೆ ಈ ಕೋಯಮತ್ತೂರು ಸೀಮೆಯ, ಬಾಲ ಒಂದಿತ್ತು. ‘ಹೌದುಂಗ’, ‘ಸರಿಂಗ’, ‘ಹೇಳಿಂಗ’. ಚಿಕ್ಕ ಮಕ್ಕಳಿಗೂ ಆ ‘ಂಗ’ ಸೇರಿಸಿಯೇ ಮಾತಾಡಿಸುತ್ತಿದ್ದರು.

ಸರ್ಕಾರದವರು ಅವರನ್ನು ನಮ್ಮ ಬೀದಿಗೆ ಹಾಕಿದ್ದೇ ಕನ್ನಡ ಬರುತ್ತದೆ ಎಂದು. ಆ ಕನ್ನಡವೇ ಮೊದಲ ದಿನ ಅವರಿಗೆ ತೊಡಕಾಯಿತು. ಮೂಲೆ ಮನೆಯ ರಂಗಮ್ಮನ ಜಗುಲಿಗೆ ಹೋಗಿ, ಮಕ್ಕಳ ಲೆಕ್ಕ ಬರೆಯೋಕೆ ಬಂದಿದ್ದೀನಿ ಎಂದರಂತೆ. ತಮಿಳಿನಲ್ಲಿ ಮಕ್ಕಳ್ ಎಂದರೆ ಜನ. ಸರ್ಕಾರದ ಬಾಯಿಂದ ಆ ಮಾತು ಬಂದರೆ ಅದು ಜನಗಣತಿಯೇ ಎಂದು ರಂಗಮ್ಮ ನಂಬಿ, ಗಂಡ, ಮೈದುನಂದಿರು, ತಿರುಪ್ಪೂರಿನಲ್ಲಿದ್ದ ಮಗ, ಎಲ್ಲರನ್ನೂ ಬರೆಸಿದಳು. ರೇಷನ್ ಕಾರ್ಡಿನಲ್ಲಿ ಇನ್ನೂ ಬದುಕಿದ್ದ ಸತ್ತ ಮಾವನನ್ನೂ ಸೇರಿಸಿದಳು. ಕಣಕ್ಕಕ್ಕ ಆ ಮುದುಕನಿಗೆ ಸಿಡುಬಿನ ಚುಚ್ಚುಮದ್ದು ಆಗಿದೆಯಾ ಎಂದು ಕೇಳಿದ ಮೇಲೆಯೇ ತಪ್ಪು ಗೊತ್ತಾದದ್ದು. ಅಷ್ಟು ಹೊತ್ತಿಗೆ ಎರಡು ಹಾಳೆ ತುಂಬಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ, ಹಾಳೆ ಮಡಿಸಿ ಚೀಲದಲ್ಲಿಟ್ಟು ಹೊಸ ಹಾಳೆ ತೆಗೆದರು. ಮರುದಿನದಿಂದ ಎಲ್ಲ ಮನೆಯಲ್ಲೂ ತಮಿಳಿನವರ ಹಾಗೆ ‘ಪಿಳ್ಳೆಗಳು’ ಎಂದೇ ಕೇಳಿದರು.

ಮೂರು ತಿಂಗಳಿಗೊಮ್ಮೆ ಬರುತ್ತಿದ್ದರು, ಎರಡು ವರ್ಷ. ಅದೇ ಮನೆಗಳು, ಅವೇ ಮಕ್ಕಳು, ಅವೇ ಪ್ರಶ್ನೆಗಳು. ಸರ್ಕಾರ ಮಕ್ಕಳಿಗೆಂದು ಮಾಡಿದ್ದೆಲ್ಲ ಮಕ್ಕಳಿಗೆ ಮುಟ್ಟುತ್ತಿದೆಯೋ ಇಲ್ಲವೋ ನೋಡುವುದು ಅವರ ಕೆಲಸ. ಶಾಲೆಯಲ್ಲಿ ಮಧ್ಯಾಹ್ನದ ಊಟ, ಬಾಲವಾಡಿ, ಚುಚ್ಚುಮದ್ದು, ಪುಸ್ತಕ, ಹೀಗೆ. ನಮ್ಮ ಅತ್ತೆ ಇದನ್ನು ಕೇಳಿ, ಊಟ ಮುಟ್ಟಿತೋ ಇಲ್ಲವೋ ಅನ್ನೋದಕ್ಕೆ ಹೊಟ್ಟೆ ಮುಟ್ಟಿ ನೋಡಿದರೆ ಸಾಲದಾ, ಇಷ್ಟು ಕಾಗದ ಯಾಕೆ ಎಂದರು. ಅದಕ್ಕೆ ಕಣಕ್ಕಕ್ಕ, ಹೊಟ್ಟೆ ಮುಟ್ಟಿ ನೋಡುವವರು ಕೋಯಮತ್ತೂರಿನ ಆಫೀಸಿನಲ್ಲಿ ಕೂತಿದ್ದಾರೆ, ಅವರ ಕೈ ಅಷ್ಟು ಉದ್ದ ಇಲ್ಲ, ಅದಕ್ಕೆ ನನ್ನನ್ನು ಕಳಿಸಿದ್ದಾರೆ ಎಂದರು. ಅತ್ತೆ ನಕ್ಕರು. ಅತ್ತೆಯನ್ನು ನಗಿಸಿದವರು ನಮ್ಮ ಬೀದಿಯಲ್ಲಿ ಕಡಿಮೆ.

ಮೊದಲ ಸಲ ಬಂದಾಗ ಅವರು ಪ್ರಶ್ನೆ ಕೇಳಲೇ ಇಲ್ಲ. ನಿಮಗೆ ನನ್ನ ಬಗ್ಗೆ ಏನು ಕೇಳಬೇಕೋ ಮೊದಲು ಕೇಳಿಬಿಡಿ ಎಂದರು. ಅತ್ತೆಗೆ ಅಷ್ಟು ಸಾಕಾಗಿತ್ತು. ಯಾವ ಊರು, ಯಾವ ಜನ, ಗಂಡ ಏನು ಮಾಡುತ್ತಾನೆ, ಮಕ್ಕಳೆಷ್ಟು ಎಂದು ಒಂದೇ ಉಸಿರಿಗೆ ಕೇಳಿದರು. ಅವರು ಒಂದೊಂದಕ್ಕೂ ಉತ್ತರ ಕೊಟ್ಟರು. ಗಂಡ ಇದ್ದಾನೆ, ನನ್ನ ಜೊತೆ ಇಲ್ಲ. ಮಕ್ಕಳಿಲ್ಲ. ಅಮ್ಮ ಇದ್ದಾಳೆ, ಈ ಕೆಲಸದಿಂದಲೇ ಇಬ್ಬರ ಊಟ. ಕೆಲಸ ಖಾಯಂ ಅಲ್ಲ, ಇವರು ಬೇಡ ಅಂದ ದಿನ ಇಲ್ಲ. ಇಷ್ಟನ್ನೂ ತರಕಾರಿ ಹೆಸರು ಹೇಳಿದ ಹಾಗೆ ಹೇಳಿದರು. ಆಮೇಲೆ ಅತ್ತೆಗೆ ತಮ್ಮ ಮನೆಯದನ್ನು ಮುಚ್ಚಿಡುವುದು ಮರ್ಯಾದೆ ಅನ್ನಿಸಲಿಲ್ಲ.

ಕುರ್ಚಿ ಕೊಟ್ಟರೆ ಕೂರುತ್ತಿರಲಿಲ್ಲ. ನಮ್ಮದು ಕುಣಿ ಮಗ್ಗ, ನೇಯುವವರು ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂರುತ್ತಾರೆ. ನಮ್ಮನೆಯವರನ್ನು ತೋರಿಸಿ, ನಾನು ಮೇಲೆ ಕೂತರೆ ಅಣ್ಣ ತಲೆ ಎತ್ತಿ ಮಾತಾಡಬೇಕಾಗುತ್ತೆ ಎಂದು ನೆಲದಲ್ಲೇ ಗೋಡೆಗೆ ಒರಗಿ ಕೂರುತ್ತಿದ್ದರು. ಕಾಫಿ ತಂದಿಟ್ಟರೆ ಮುಟ್ಟುತ್ತಿರಲಿಲ್ಲ. ಪ್ರಶ್ನೆ ಮುಗಿಯುವಷ್ಟರಲ್ಲಿ ಅದು ಆರಿ ಮೇಲೆ ಕೆನೆ ಕಟ್ಟಿರುತ್ತಿತ್ತು, ಆಗ ಕುಡಿಯುತ್ತಿದ್ದರು. ಯಾಕೆ ಎಂದು ಒಮ್ಮೆ ಕೇಳಿದೆ. “ಕಾಫಿ ಕುಡಿದು ಕೇಳಿದರೆ ಉತ್ತರಕ್ಕೂ ಸಕ್ಕರೆ ಬೀಳುತ್ತೆ ಅಕ್ಕಾ” ಎಂದರು. ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಆದರೂ ನನ್ನನ್ನು ಅಕ್ಕಾ ಎನ್ನುತ್ತಿದ್ದರು. ಮನೆಯ ಯಜಮಾನಿ ಯಾರೇ ಆಗಿರಲಿ, ಅಕ್ಕನೇ.

ಬರೆಯುವುದು ಮೊದಲು ಪೆನ್ಸಿಲಿನಲ್ಲಿ. ಬರೆದದ್ದನ್ನು ನಮಗೇ ಓದಿ ಹೇಳಿ, ಸರಿಯಾ ಎಂದು ಕೇಳಿ, ಆಮೇಲೆ ಅದರ ಮೇಲೆ ಪೆನ್ನು. ಇದರಿಂದ ಒಂದು ಮನೆಗೆ ಒಂದು ಗಂಟೆ ಹಿಡಿಯುತ್ತಿತ್ತು. ಬೇರೆ ಬೀದಿಗಳ ಲೆಕ್ಕದವರು ಒಂದು ಬೆಳಿಗ್ಗೆಯಲ್ಲಿ ಒಂದು ಬೀದಿ ಮುಗಿಸುತ್ತಿದ್ದರು ಎಂದು ಕೇಳಿದ್ದೇನೆ.

ತೂಕ ನೋಡುವ ದಿನ ಬೀದಿಗೆ ಹಬ್ಬ. ತೊಲೆಗೆ ತಕ್ಕಡಿ ನೇತುಹಾಕಿ, ಅದರ ಕೊಕ್ಕೆಗೆ ಚಡ್ಡಿಯಂಥ ಒಂದು ಚೀಲ ಸಿಕ್ಕಿಸಿ, ಅದರಲ್ಲಿ ಮಗುವನ್ನು ಕೂರಿಸುತ್ತಿದ್ದರು. ನನ್ನ ಚಿಕ್ಕವಳು ಆ ಚೀಲ ಕಂಡರೆ ಓಡಿಹೋಗಿ ಅಕ್ಕಿ ಡಬ್ಬದ ಹಿಂದೆ ಅಡಗುತ್ತಿದ್ದಳು. ಅವಳು ಅಳು ನಿಲ್ಲಿಸುವವರೆಗೆ ಕಣಕ್ಕಕ್ಕ ಮುಳ್ಳು ನೋಡುತ್ತಿರಲಿಲ್ಲ. ಅಳುವ ಮಗು ಅಲ್ಲಾಡುತ್ತೆ, ಅಲ್ಲಾಡಿದರೆ ತೂಕ ಸುಳ್ಳು ಎಂದು, ಮುಳ್ಳು ನಿಲ್ಲುವ ತನಕ ಅವಳಿಗೆ ಕಥೆ ಹೇಳುತ್ತಿದ್ದರು.

ಎಲ್ಲಕ್ಕಿಂತ ಕಷ್ಟ ವಯಸ್ಸು ಬರೆಸುವುದು. ನಮ್ಮ ಕಡೆ ಹುಟ್ಟಿದ ತಾರೀಖು ಯಾರಿಗೂ ಗೊತ್ತಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಕಿವಿ ಮುಟ್ಟಿಸುತ್ತಿದ್ದರು, ಮುಟ್ಟಿದರೆ ಐದು ವರ್ಷ ಆಯಿತು ಅಂತ. ಕಣಕ್ಕಕ್ಕನ ಹತ್ತಿರ ಬೇರೆ ಉಪಾಯ ಇತ್ತು. ಬೀದಿಗೆ ಕರೆಂಟು ಬಂದದ್ದು, ದೊಡ್ಡ ಬಾವಿ ಬತ್ತಿದ್ದು, ಟೂರಿಂಗ್ ಟಾಕೀಸಿನ ತೆಂಗಿನ ಗರಿಯ ಕೀತು ಹೊತ್ತಿಕೊಂಡದ್ದು, ಇವನ್ನೆಲ್ಲ ವರ್ಷವಾರು ಒಂದು ಪುಸ್ತಕದಲ್ಲಿ ಬರೆದುಕೊಂಡಿದ್ದರು. ನನ್ನ ದೊಡ್ಡವಳು ಸರಸುಗೆ ಎಷ್ಟು ವಯಸ್ಸು ಎಂದಾಗ ಅತ್ತೆ ಎಂಟು ಎಂದರು. ಜಗುಲಿಯಲ್ಲಿ ಕೂತಿದ್ದ ರಂಗಮ್ಮ ಹನ್ನೊಂದು ಎಂದಳು.

“ನನ್ನ ಮೊಮ್ಮಗಳ ವಯಸ್ಸು ನಿನಗೆ ಗೊತ್ತಾ, ನನಗೆ ಗೊತ್ತಾ” ಎಂದರು ಅತ್ತೆ.

“ನನ್ನ ಎಮ್ಮೆಗೆ ಗೊತ್ತು” ಎಂದಳು ರಂಗಮ್ಮ. “ಎಮ್ಮೆ ಈದ ದಿನವೇ ನಿನ್ನ ಸೊಸೆ ಹೆತ್ತಳು. ಗಿಣ್ಣುಹಾಲು ಕಳಿಸಿದೆ, ಚೆಂಬು ವಾಪಸ್ ಬರಲಿಲ್ಲ.”

ಚೆಂಬಿನ ಜಗಳ ಹೊಸದಾಗಿ ಶುರುವಾಯಿತು. ಕಣಕ್ಕಕ್ಕ ಅದನ್ನು ನಿಲ್ಲಿಸದೆ, ಎಮ್ಮೆ ಕೊಂಡದ್ದು ಕರೆಂಟು ಬರುವುದಕ್ಕೆ ಮುಂಚೆಯೋ ಆಮೇಲೆಯೋ, ಆಗ ಅದಕ್ಕೆ ಎಷ್ಟನೇ ಕರು ಎಂದು ರಂಗಮ್ಮನನ್ನು ಕೇಳುತ್ತಾ ಹೋದರು. ಕೊನೆಗೆ ಸರಸುಗೆ ಹತ್ತು ಎಂದು ಬಂತು. ಅದು ಸರಿಯಾಗಿಯೇ ಇತ್ತು. ನನಗೆ ಗೊತ್ತಿತ್ತು, ಆದರೆ ಅತ್ತೆಯ ಎದುರು ಹೇಳಿರಲಿಲ್ಲ.

ಸರಸು ಮೂರನೇ ಕ್ಲಾಸಿನವರೆಗೆ ಶಾಲೆಗೆ ಹೋದಳು. ಆಮೇಲೆ ನಮ್ಮನೆಯವರು ಎರಡನೇ ಮಗ್ಗ ಹಾಕಿದರು. ಲಾಳಿಯೊಳಗೆ ಕೂರಿಸುವ ಕೋಲಿಗೆ ನೂಲು ಸುತ್ತಬೇಕು, ಅದಕ್ಕೆ ಕಂಡಿಕೆ ಎನ್ನುತ್ತೇವೆ. ಒಂದು ಮಗ್ಗಕ್ಕಾದರೆ ಅತ್ತೆಯೂ ನಾನೂ ಸುತ್ತಿ ಕೊಡುತ್ತಿದ್ದೆವು. ಎರಡಕ್ಕೆ ಕೈ ಸಾಲಲಿಲ್ಲ. ಸರಸು ರಾಟೆಯ ಮುಂದೆ ಕೂತಳು. ಬಿಡಿಸುವುದು ಅಂತ ಯಾರೂ ಹೇಳಲಿಲ್ಲ, ನಾಳೆ ಹೋಗು ನಾಳೆ ಹೋಗು ಎನ್ನುತ್ತಾ ಒಂದು ವರ್ಷ ಆಯಿತು. ಏಳನೇ ಕ್ಲಾಸು ಓದಿದ ನಾನೇ ಹಾಗೆಂದೆ. ಇದನ್ನು ಬೇರೆಯವರ ಮೇಲೆ ಹಾಕುವುದಿಲ್ಲ.

ಫಾರಮಿನಲ್ಲಿ ಗುರುತು ಹಾಕಲು ಮೂರು ಚೌಕದ ಮನೆ ಇದ್ದವು: ಶಾಲೆಗೆ ಹೋಗುತ್ತದೆ, ಕೆಲಸಕ್ಕೆ ಹೋಗುತ್ತದೆ, ಎರಡೂ ಇಲ್ಲ. ಮೊದಲ ಸಲ ಕಣಕ್ಕಕ್ಕ ಸರಸು ಬಗ್ಗೆ ಕೇಳಿದಾಗ, ಸುಮ್ಮನೆ ಮನೆಯಲ್ಲಿದ್ದಾಳೆ ಎಂದೆ. ತಮಿಳಿನಲ್ಲೂ ಅದೇ ಮಾತು, ಸುಮ್ಮಾ ಇರುಕ್ಕಾ. ಬೀದಿಯ ಎಲ್ಲ ಮನೆಯಲ್ಲೂ ಅದೇ ಉತ್ತರ ಬಂತು. ಅವರು ಮೂರನೇ ಮನೆಯಲ್ಲಿ ಗುರುತು ಹಾಕಿದರು. ಎರಡನೇ ಸಲವೂ ಹಾಗೆಯೇ ಆಯಿತು.

ಮೂರನೇ ಸಲ ಬಂದಾಗ ನನ್ನನ್ನು ಕೇಳಲಿಲ್ಲ. ರಾಟೆಯ ಹತ್ತಿರ ಹೋಗಿ ಸರಸುವಿನ ಪಕ್ಕ ಕೂತರು. ಅಮ್ಮಣಿ, ನಿನ್ನೆ ಎದ್ದಾಗಿನಿಂದ ಏನೇನು ಮಾಡಿದೆ ಹೇಳುಂಗ ಎಂದರು. ಅವಳಿಗೆ ಗಡಿಯಾರ ನೋಡಲು ಬರುತ್ತಿರಲಿಲ್ಲ. ನಮ್ಮ ಬೀದಿಗೆ ಗಡಿಯಾರ ಎಂದರೆ ಮಿಲ್ಲಿನ ಸಂಗು, ಪಾಳಿ ಬದಲಾಗುವಾಗ ಕೂಗುವ ಸೈರನ್ನು. ಮೊದಲ ಸಂಗಿಗೆ ಮುಂಚೆ ಏನು, ಎರಡನೇ ಸಂಗು ಕೂಗುವಾಗ ಎಲ್ಲಿದ್ದೆ, ಊಟ ಆದ ಮೇಲೆ ಏನು ಎಂದು ಕೇಳುತ್ತಾ ಒಂದು ಉದ್ದ ಗೆರೆ ಎಳೆದು, ಅದರ ಮೇಲೆ ತುಂಡು ತುಂಡು ಗುರುತು ಮಾಡಿದರು. ಸರಸು ರಾಟೆ ತಿರುಗಿಸುತ್ತಲೇ ಹೇಳಿದಳು. ಕಂಡಿಕೆ, ನೀರು, ಕಂಡಿಕೆ, ತಂಗಿಗೆ ಊಟ, ಕಂಡಿಕೆ, ಕಂಡಿಕೆ.

ಗೆರೆ ಮುಗಿದ ಮೇಲೆ ನನಗೆ ತೋರಿಸಿದರು. ಬೈಯಲಿಲ್ಲ, ಮುಖ ಕೂಡ ಬದಲಾಗಲಿಲ್ಲ. “ಅಕ್ಕಾ, ಇದರಲ್ಲಿ ಸುಮ್ಮನೆ ಇರೋದು ಎಲ್ಲಿ ಬರುತ್ತೆ ಅಂತ ನೀವೇ ತೋರಿಸಿ, ಅಲ್ಲಿ ಬರೀತೀನಿ” ಎಂದರು.

ನಾನು ತೋರಿಸಲಿಲ್ಲ. ಅತ್ತೆಗೆ ಕೋಪ ಬಂತು. ಸ್ವಂತ ಮನೆಯಲ್ಲಿ ಸ್ವಂತ ಮಗ್ಗಕ್ಕೆ ಕಂಡಿಕೆ ಸುತ್ತಿದರೆ ಅದು ಕೆಲಸವಾ, ನಾನು ಸುತ್ತಿಲ್ಲವಾ, ನನ್ನ ಅಮ್ಮ ಸುತ್ತಿಲ್ಲವಾ, ಬನಿಯನ್ ಕಂಪನಿಗೆ ಕಳಿಸಿದ್ದೀವಾ, ಬೇರೆಯವರ ಮನೆ ಪಾತ್ರೆ ತಿಕ್ಕೋಕೆ ಕಳಿಸಿದ್ದೀವಾ ಎಂದು ಜೋರು ಮಾಡಿದರು. ಕಣಕ್ಕಕ್ಕ ಎಲ್ಲ ಕೇಳಿ, ಮಕ್ಕಳಿಗೂ ಹಕ್ಕು ಅಂತ ಒಂದಿದೆ ಅವ್ವಾ ಎಂದರು. ಹಾಗಂದರೇನು ಎಂದರು ಅತ್ತೆ. ಕೇಳದೇ ಇದ್ದರೂ ಸಿಗಬೇಕಾದ್ದು ಎಂದರು ಅವರು. ಅತ್ತೆ ಎದ್ದರು. ಒಳಗೆ ಹೋಗಿ ಪಾತ್ರೆ ಸದ್ದು ಮಾಡಿದರು. ಕಣಕ್ಕಕ್ಕ ಈ ಸಲ ಮೂರನೇ ಮನೆ ಬಿಟ್ಟು ಎರಡನೇ ಮನೆಯಲ್ಲಿ ಗುರುತು ಹಾಕಿದರು. ಆಮೇಲೆ ಆರಿದ ಕಾಫಿ ಕುಡಿದರು.

ಆ ಸುತ್ತಿನಲ್ಲಿ ಇಡೀ ಬೀದಿಯನ್ನು ಹಾಗೆಯೇ ಬರೆದರು, ಮನೆಮನೆಗೂ ಒಂದೊಂದು ಗೆರೆ. ಅದು ಅವರಿಗೆ ಮುಳುವಾಯಿತು. ಬೇರೆ ಬೀದಿಗಳ ಹಾಳೆಯಲ್ಲಿ ಕೆಲಸಕ್ಕೆ ಹೋಗುವ ಮಕ್ಕಳೇ ಇಲ್ಲ, ಇವರೊಬ್ಬರ ಹಾಳೆಯಲ್ಲಿ ಮನೆಗೊಬ್ಬರು. ಸಾಧ್ಯವಿಲ್ಲ, ಮನೆಯಲ್ಲಿ ಕೂತು ತುಂಬಿಸಿದ್ದು ಇದು ಎಂದು ಆಫೀಸಿನಲ್ಲಿ ಅಂದುಕೊಂಡರು. ಮೇಲಿನವರೊಬ್ಬರು ಬಂದು ಮತ್ತೆ ಕೇಳುತ್ತಾರೆ, ಹಾಳೆ ಸುಳ್ಳೆಂದು ಕಂಡರೆ ಹಾಳೆಯೂ ಇಲ್ಲ, ಇವರೂ ಇಲ್ಲ. ಮೇಲಿನವರು ಬರುವ ಹಿಂದಿನ ದಿನ ಇದನ್ನು ಕಣಕ್ಕಕ್ಕನೇ ಬಂದು ಹೇಳಿದರು. ಜಗುಲಿ ಹತ್ತಲಿಲ್ಲ, ಬೀದಿಯಲ್ಲಿ ನಿಂತೇ ಹೇಳಿದರು. ಅಷ್ಟರಲ್ಲಿ ಬೀದಿಯಲ್ಲಿ ಇನ್ನೊಂದು ಮಾತು ಹರಡಿತ್ತು, ಮಕ್ಕಳು ದುಡಿಯುತ್ತವೆ ಅಂದರೆ ಪೊಲೀಸರು ಬಂದು ಮಗ್ಗ ಬಿಚ್ಚಿಕೊಂಡು ಹೋಗುತ್ತಾರೆ ಎಂದು. ನಮ್ಮನೆಯವರು ನನಗೆ ಆಗಲೇ ಹೇಳಿದ್ದರು, ನೀನು ಬಾಯಿ ತೆಗೀಬೇಡ ಅಂತ.

ನಾವು ಏನು ಹೇಳಬೇಕು, ನೀವೇ ಹೇಳಿ ಎಂದು ಕಣಕ್ಕಕ್ಕನನ್ನು ಕೇಳಿದೆ. ಹೇಳಿಕೊಟ್ಟರೆ ಅಷ್ಟು ಹೇಳಿಬಿಡೋಣ ಎಂದು ಮನಸ್ಸಿನಲ್ಲಿತ್ತು.

“ನಾನು ಹೇಳಿಕೊಟ್ಟರೆ ಆ ಹಾಳೆಗಳೆಲ್ಲ ನಿಜವಾಗಿಯೂ ಸುಳ್ಳಾಗುತ್ತವೆ ಅಕ್ಕಾ” ಎಂದರು. ಬಿಸಿಲಿತ್ತು. ಕೊಡೆ ಬಿಚ್ಚಿಕೊಂಡು ಹೋದರು.

ಅವತ್ತು ದೀಪ ಹಚ್ಚುವಾಗ ಚೌಡಮ್ಮನನ್ನು ನಾನು ಕೇಳಿಕೊಂಡದ್ದು, ಆ ಮನುಷ್ಯ ನಾಳೆ ಬರದೆ ಹೋಗಲಿ ಎಂದು. ನಿಜ ಹೇಳುವ ಧೈರ್ಯ ಕೊಡು ತಾಯಿ ಎಂದು ಕೇಳಬೇಕಿತ್ತು. ಹೊಳೆಯಲಿಲ್ಲ.

ಬಂದರು. ಜೀಪಿನಿಂದ ಇಳಿದವರು ಕೆಟ್ಟವರೇನೂ ಅಲ್ಲ, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬಂದರು. ಕಣಕ್ಕಕ್ಕ ಹಿಂದೆ ನಿಂತಿದ್ದರು, ಅವರಿಗೆ ಮಾತಾಡಬಾರದೆಂದು ಅಪ್ಪಣೆ. ರಂಗಮ್ಮನ ಮನೆಯಲ್ಲಿ ಇಲ್ಲ ಅಂದಿದ್ದರು, ಅದರ ಪಕ್ಕದಲ್ಲೂ ಇಲ್ಲ, ಎದುರು ಸಾಲಿನಲ್ಲೂ ಇಲ್ಲ. ಪೊಲೀಸರ ಭಯ ಎಲ್ಲರ ಬಾಯನ್ನೂ ಒಂದೇ ದಾರದಲ್ಲಿ ಹೊಲಿದಿತ್ತು. ಸರಸುವನ್ನೂ ರಾಟೆಯಿಂದ ಎಬ್ಬಿಸಿ ಅಡುಗೆಮನೆಗೆ ಕಳಿಸಿದ್ದೆವು. ನಮ್ಮದು ಕೊನೆಯ ಮನೆ. ಅಧಿಕಾರಿ ತಮಿಳಿನಲ್ಲಿ ಕೇಳಿದರು, ಮಗು ಕೆಲಸಕ್ಕೆ ಹೋಗುತ್ತದೆಯಾ ಎಂದು. ನಮ್ಮನೆಯವರು ಇಲ್ಲ ಸಾರ್ ಎಂದರು. ನಾನು ಕಂಬ ಹಿಡಿದು ನಿಂತಿದ್ದೆ. ಕಣಕ್ಕಕ್ಕ ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ನಾನು ಹೇಳಿಬಿಡುತ್ತಿದ್ದೆ ಎಂದು ಎಷ್ಟೋ ವರ್ಷ ಸಮಾಧಾನ ಮಾಡಿಕೊಂಡಿದ್ದೇನೆ. ನಿಜ ಏನೋ ದೇವರಿಗೇ ಗೊತ್ತು.

ಅಧಿಕಾರಿ ಹಾಳೆ ಮಡಿಸಿದರು. ಹೊರಡುವವರಂತೆ ಎದ್ದು, ಬೇಸರದಿಂದಲೇ ಇರಬೇಕು, ಒಂದು ಮಾತು ಅಂದರು. ಶಾಲೆಗೂ ಹೋಗೋದಿಲ್ಲ, ಕೆಲಸವೂ ಮಾಡೋದಿಲ್ಲ, ಈ ಬೀದಿಯ ಹೆಣ್ಣುಮಕ್ಕಳೆಲ್ಲ ಹಾಗಾದರೆ ದಿನವಿಡೀ ತಿಂದು ಸುಮ್ಮನೆ ಕೂತಿರುತ್ತವೆ ಅನ್ನಿ.

ಅತ್ತೆ ಮೂಲೆಯಲ್ಲಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ಎಲೆ ಕೆಳಗಿಟ್ಟರು.

“ಯಾರಪ್ಪಾ ಅಂದದ್ದು ಸುಮ್ಮನೆ ಕೂತಿರುತ್ತೆ ಅಂತ?” ಎಂದರು ತಮಿಳಿನಲ್ಲಿ. “ಇದು ನೇಕಾರರ ಮನೆ. ಈ ಮನೆಯಲ್ಲಿ ಸುಮ್ಮನೆ ಕೂತು ತಿನ್ನುವ ಹೆಣ್ಣು ಹುಟ್ಟಿಲ್ಲ.”

ನಮ್ಮನೆಯವರು ಅವ್ವಾ ಎಂದರು. ಅವರಿಗೆ ಕೇಳಿಸಲಿಲ್ಲ, ಕೇಳಿಸಿದರೂ ನಿಲ್ಲುವವರಲ್ಲ. ಸರಸುವನ್ನು ಕೂಗಿದರು. ಕಂಡಿಕೆಯ ಬುಟ್ಟಿ ಎಳೆದು ಅಧಿಕಾರಿಯ ಕಾಲ ಬಳಿ ಇಟ್ಟರು. ಎರಡು ಮಗ್ಗಕ್ಕೆ ಇವಳೊಬ್ಬಳೇ ಸುತ್ತಿ ಕೊಡುತ್ತಾಳೆ, ಒಂದು ಎಳೆ ಸಡಿಲ ಇದ್ದರೆ ತೋರಿಸು ಎಂದರು. ಮೂಲೆ ಮನೆಯ ರಂಗಮ್ಮನ ಮೊಮ್ಮಗಳು ಇವಳ ಅರ್ಧ ಕೂಡ ಸುತ್ತೋದಿಲ್ಲ, ಎದುರು ಮನೆಯವಳು ಬೇಗ ಸುತ್ತುತ್ತಾಳೆ ಆದರೆ ಗಂಟು ಜಾಸ್ತಿ, ಅವಳ ತಂಗಿ ವಾಸಿ. ಹೀಗೆ ಬೀದಿಯ ಹೆಣ್ಣುಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಎಣಿಸಿ, ಯಾರ ಕೈ ಹೇಗೆ ಎಂದು ಸಾಲಾಗಿ ಹೇಳಿದರು. ಇದನ್ನು ಕೇಳಿ ಹೊರಗಿನಿಂದ ರಂಗಮ್ಮ ನುಗ್ಗಿ ಬಂದಳು. ನನ್ನ ಮೊಮ್ಮಗಳು ಅರ್ಧ ಸುತ್ತುತ್ತಾಳಾ, ಬನ್ನಿ ಸಾರ್ ನನ್ನ ಮನೆಗೆ, ಬುಟ್ಟಿ ನೋಡಿ ಎಂದಳು. ಸ್ವಲ್ಪ ಹೊತ್ತಿನ ಹಿಂದೆ ಅವಳ ಮನೆಯಲ್ಲಿ ಯಾವ ಹುಡುಗಿಯೂ ಏನೂ ಮಾಡುತ್ತಿರಲಿಲ್ಲ.

ಅಧಿಕಾರಿ ಮತ್ತೆ ಕೂತರು. ಮಡಿಸಿದ ಹಾಳೆ ಬಿಚ್ಚಿದರು. ಕಣಕ್ಕಕ್ಕ ನೆಲ ನೋಡುತ್ತಾ ನಿಂತಿದ್ದರು, ಗೆದ್ದವರ ಹಾಗಿರಲಿಲ್ಲ. ನಾವು ದಿನವೂ ಬೇಡಿಕೊಂಡು ಕಾಯುವ ದಯೆ ಎಲ್ಲಿಂದ ಬರುತ್ತದೆ ಎಂದು ಹೇಳಲಾಗುವುದಿಲ್ಲ. ಅವತ್ತು ಅದು ನಮ್ಮ ಅತ್ತೆಯ ಜಂಬದಿಂದ ಬಂತು.

ಅವರ ಕೆಲಸ ಉಳಿಯಿತು. ಹಾಳೆಗಳೂ ಉಳಿದವು. ಫಾರಮಿನಲ್ಲಿ ‘ಕೆಲಸಕ್ಕೆ ಹೋಗುತ್ತದೆಯಾ’ ಎಂಬುದನ್ನು ತೆಗೆದು ‘ಏನು ಕೆಲಸ ಮಾಡುತ್ತದೆ’ ಎಂದು ಹಾಕಿದರು, ಎಲ್ಲ ಬೀದಿಗಳಿಗೂ. ಅದನ್ನು ತೋರಿಸಲು ಬಂದ ದಿನ ಕಣಕ್ಕಕ್ಕ ಒಂದು ಪೊಟ್ಟಣ ಮಿಕ್ಸ್ಚರ್ ತಂದಿದ್ದರು, ಅತ್ತೆಗೆ. ಯಾಕೆಂದು ಅತ್ತೆಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಪೊಲೀಸರು ಬರಲಿಲ್ಲ, ಮಗ್ಗಗಳು ಇದ್ದಲ್ಲೇ ಇದ್ದವು.

ಭಜನೆ ಮಂದಿರದ ಜಗುಲಿಯಲ್ಲಿ ಶಾಲೆ ಬಿಟ್ಟ ಹೆಣ್ಣುಮಕ್ಕಳಿಗೆ ಒಂದು ಕ್ಲಾಸು ಬರುತ್ತದೆ ಎಂದು ಹೇಳಿದ್ದರು. ಬಂತು. ಆದರೆ ಬರುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಹೋಗಿತ್ತು, ಸರಸು ದೊಡ್ಡವಳಾಗಿದ್ದಳು. ದೊಡ್ಡವಳಾದ ಹುಡುಗಿಯನ್ನು ಬೀದಿ ದಾಟಿಸಿ ಕಳಿಸುವ ರೂಢಿ ನಮ್ಮಲ್ಲಿರಲಿಲ್ಲ. ಕಣಕ್ಕಕ್ಕ ಎರಡು ಸಲ ನಮ್ಮನೆಯವರ ಹತ್ತಿರ ಕೂತು ಮಾತಾಡಿದರು, ಅತ್ತೆಯ ಹತ್ತಿರ ಒಂದು ಸಲ. ಆಗಲಿಲ್ಲ. ಚಿಕ್ಕವಳನ್ನು ಮಾತ್ರ ಶಾಲೆಯಿಂದ ಬಿಡಿಸುವ ಮಾತು ನಮ್ಮ ಮನೆಯಲ್ಲಿ ಆಮೇಲೆ ಯಾರೂ ಎತ್ತಲಿಲ್ಲ. ಅವಳು ಎಸ್ಸೆಸ್ಸೆಲ್ಸಿವರೆಗೆ ಓದಿದಳು. ನಾನು ದೇವರಿಗೆ ಕೈಮುಗಿಯುವಾಗ ಇದನ್ನು ಮೊದಲು ನೆನೆಯುತ್ತೇನೆ, ಆಮೇಲೆ ಸರಸುವನ್ನು ನೆನೆದು ಸುಮ್ಮನಾಗುತ್ತೇನೆ. ಒಮ್ಮೆ ಇದೇ ದುಃಖದಲ್ಲಿದ್ದಾಗ ಕಣಕ್ಕಕ್ಕ ಅಂದಿದ್ದರು, ನನ್ನ ಕೆಲಸವೇ ಹೀಗೆ ಅಕ್ಕಾ, ಎಣಿಸೋದು ಅಕ್ಕನನ್ನ, ಸಿಗೋದು ತಂಗಿಗೆ ಎಂದು. ಅವರಿಗೂ ಅದು ಸಮಾಧಾನ ಕೊಟ್ಟ ಮಾತೆಂದು ನನಗೆ ಅನ್ನಿಸಲಿಲ್ಲ.

ಕೊನೆಯ ಸುತ್ತಿಗೆ ಬಂದಾಗ ಚಳಿಗಾಲ. ಇನ್ನು ಬರುವುದಿಲ್ಲ, ಬೇರೆ ತಾಲೂಕಿಗೆ ಹಾಕಿದ್ದಾರೆ ಎಂದರು. ಸರಸು ದಾವಣಿ ಉಟ್ಟು ರಾಟೆಯ ಮುಂದೆ ಕೂತಿದ್ದಳು, ಅವರು ಎಂದಿನಂತೆ ಎದುರು ನೆಲದಲ್ಲಿ ಕೂತರು. ಎಲ್ಲ ಬರೆದಾಯಿತು. ಹಾಳೆಯ ಕೆಳಗೆ ಕುರಿಪ್ಪು ಎಂದು ಒಂದು ಖಾಲಿ ಜಾಗ ಇತ್ತು, ಬೇರೆ ಏನಾದರೂ ಇದ್ದರೆ ಬರೆಯುವುದಕ್ಕೆ. ಅದನ್ನು ಅವರು ಯಾವತ್ತೂ ತುಂಬಿರಲಿಲ್ಲ, ಆಫೀಸಿನಲ್ಲಿ ಯಾರೂ ಅದನ್ನು ಓದುವುದಿಲ್ಲವಂತೆ. ಅವತ್ತು ಏನನ್ನಿಸಿತೋ, ಅಮ್ಮಣಿ, ಇಲ್ಲಿ ಏನು ಬರೀಲಿ ಹೇಳುಂಗ ಎಂದು ಸರಸುವನ್ನೇ ಕೇಳಿದರು.

ಅವಳು ರಾಟೆ ನಿಲ್ಲಿಸಿದಳು. ಕೈಯಿಂದ ಹಾಳೆಯ ಮೇಲಿನ ಒಂದು ಸಾಲು ತೋರಿಸಿದಳು. ಈಗ ಎಷ್ಟನೇ ಕ್ಲಾಸು ಎಂದು ಕೇಳುವ ಸಾಲು ಅದು. ಶಾಲೆಗೆ ಹೋಗದ ಮಕ್ಕಳಿಗೆ ಅಲ್ಲಿ ಒಂದು ಅಡ್ಡಗೆರೆ ಎಳೆಯುತ್ತಿದ್ದರು. ಎರಡು ವರ್ಷದಿಂದ ಎದುರು ಕೂತು ಅವಳು ಆ ಹಾಳೆಯನ್ನು ತಲೆಕೆಳಗಾಗಿ ಓದುತ್ತಿದ್ದಾಳೆ ಎಂದು ನನಗಾಗಲಿ ಕಣಕ್ಕಕ್ಕನಿಗಾಗಲಿ ಗೊತ್ತಿರಲಿಲ್ಲ.

“ಇಲ್ಲಿ ಪ್ರತಿ ಸಲ ಗೆರೆ ಹಾಕ್ತೀರಿ” ಎಂದಳು. “ನಾನು ಮೂರನೇ ಕ್ಲಾಸು ಪಾಸು. ಅದನ್ನ ಬರೀರಿ.”

ಕಣಕ್ಕಕ್ಕ ಪೆನ್ಸಿಲು ಎತ್ತಿಕೊಂಡು, ಎಷ್ಟು ಮಾರ್ಕು ಎಂದು ಕೇಳಿದರು. ಸರಸು ಒಂದೊಂದು ಪಾಠಕ್ಕೂ ಎಷ್ಟೆಷ್ಟು ಬಂದಿತ್ತು ಎಂದು ಎಲ್ಲೂ ತಡವರಿಸದೆ ಹೇಳಿದಳು. ಅದೂ ನನಗೆ ಗೊತ್ತಿರಲಿಲ್ಲ. ಅವರು ಒಂದನ್ನೂ ಬಿಡದೆ ಬರೆದುಕೊಂಡರು. ಕುರಿಪ್ಪಿನ ಜಾಗ ಸಾಲದೆ, ಹಾಳೆ ತಿರುಗಿಸಿ ಅಂಚಿನಲ್ಲೂ ಬರೆದರು.